ಬುರಿರಾಮ್ ಪ್ರಾಂತ್ಯ: ಫನೋಮ್ ರುಂಗ್ ಬೆಟ್ಟ ಮತ್ತು ಸುತ್ತಲಿನ ತಾಣಗಳಿಗೆ ನಾಲ್ಕು ದಿನ ಸಾಕೇ?

ಪ್ರಶ್ನೆ – ದೂರದಾರಿ

ಬರುವ ಜನವರಿಯಲ್ಲಿ ನಾನು, ನನ್ನ ಪತಿ ಹಾಗೂ 68 ವರ್ಷದ ನನ್ನ ತಾಯಿ ಥಾಯ್ಲೆಂಡಿಗೆ ಹೋಗುವವರಿದ್ದೇವೆ. ಕಡಲತೀರದ ಊರುಗಳ ಆಸೆ ನಮಗಿಲ್ಲ. ಬ್ಯಾಂಕಾಕಿನಲ್ಲಿ ಎರಡು ದಿನ ಕಳೆದ ಮೇಲೆ ಉಳಿಯುವ ನಾಲ್ಕು ದಿನಗಳನ್ನು ಈಶಾನ್ಯದ ಈಸಾನ್ ಸೀಮೆಯ ಒಂದೇ ಪ್ರಾಂತ್ಯಕ್ಕೆ ಮೀಸಲಿಡಬೇಕೆಂದು ನಿರ್ಧರಿಸಿ, ಬುರಿರಾಮ್ ಅನ್ನು ಆರಿಸಿಕೊಂಡಿದ್ದೇವೆ. ಆರಂಭದ ಕಾರಣ ಫನೋಮ್ ರುಂಗ್ ಬೆಟ್ಟದ ಮೇಲಿನ ಶಿವಾಲಯ. ಅದರ ಪೂರ್ವದ್ವಾರದ ಮೇಲೆ ಅನಂತಶಯನನನ್ನು ಕೆತ್ತಿರುವ ಒಂದು ಛಾಯಾಚಿತ್ರವನ್ನು ನೋಡಿದಂದಿನಿಂದ ನನ್ನ ತಾಯಿ ಅದನ್ನು ಕಣ್ಣಾರೆ ಕಾಣಬೇಕೆಂದು ಹಂಬಲಿಸುತ್ತಿದ್ದಾರೆ.

ಆದರೆ ನಾವು ವಿಚಾರಿಸಿದ ಪ್ರವಾಸ ಏಜೆಂಟರೊಬ್ಬರು, ಅಲ್ಲಿ ಒಂದು ದಿನಕ್ಕಿಂತ ಹೆಚ್ಚಿನ ಕೆಲಸವಿಲ್ಲವೆಂದೂ, ಪಕ್ಕದ ಪ್ರಾಂತ್ಯದ ನಖೋನ್ ರಾಚಸೀಮಾದಲ್ಲಿ ಉಳಿದುಕೊಂಡು ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದೆಂದೂ ಹೇಳಿದರು. ಹೋಗಿ ಬಂದವರು ಈ ಮಾತನ್ನು ಒಪ್ಪುವಿರಾ? ದೇವಾಲಯಗಳಲ್ಲದೆ ಬೆಟ್ಟ, ಕೆರೆ, ಕಾಡು ಎಂದು ನೋಡತಕ್ಕದ್ದು ಏನಿದೆ? ಸೂರ್ಯೋದಯದ ಬೆಳಕು ಆ ಗುಡಿಯ ಎಲ್ಲ ಬಾಗಿಲುಗಳನ್ನೂ ಹಾದು ಹೋಗುವ ದಿನಗಳಿಗಾಗಿ ಪ್ರವಾಸವನ್ನು ಏಪ್ರಿಲಿಗೆ ಮುಂದೂಡುವುದು ಒಳ್ಳೆಯದೇ? ತಾಯಿಯವರ ಮಂಡಿಯಲ್ಲಿ ಸವೆತವಿದೆ; ಸಮನೆಲದಲ್ಲಿ ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲುಗಳನ್ನು ಮಾತ್ರ ನಿಧಾನವಾಗಿ ಏರಬೇಕಾಗುತ್ತದೆ.

ಉತ್ತರ – ಶಿಲಾಸಕ್ತ

ನಾಲ್ಕು ದಿನ ಸಾಕು. ಒಂದು ದಿನವಂತೂ ಖಂಡಿತ ಸಾಲದು. ನಾನು ಎರಡು ಬಾರಿ ಹೋಗಿದ್ದೇನೆ. ಮೊದಲನೆಯ ಬಾರಿ ನಿಮಗೆ ಹೇಳಿದಂತೆಯೇ ಒಂದೇ ದಿನದಲ್ಲಿ ಮುಗಿಸಲು ಹೊರಟು, ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಬೆಟ್ಟ ಹತ್ತಿ, ಕೆತ್ತನೆಗಳ ಮೇಲೆ ನೆರಳೇ ಇಲ್ಲದ ಹೊತ್ತಿನಲ್ಲಿ ಎಲ್ಲವನ್ನೂ ಚಪ್ಪಟೆಯಾಗಿ ಕಂಡು ಹಿಂದಿರುಗಿದೆ. ಆ ನಷ್ಟ ತುಂಬಿಕೊಳ್ಳಲು ಇನ್ನೊಮ್ಮೆ ಹೋಗಬೇಕಾಯಿತು.

ಫನೋಮ್ ರುಂಗ್ ಒಂದು ಆರಿದ ಜ್ವಾಲಾಮುಖಿ. ಬಯಲಿನಿಂದ ಒಂಟಿಯಾಗಿ ಎದ್ದು ನಿಂತಿರುವ ಈ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಕಾಂಬೋಡಿಯಾದ ಹಳೆಯ ಖಮೇರ್ ಭಾಷೆಯಲ್ಲಿ ಆ ಹೆಸರಿಗೆ ವಿಶಾಲವಾದ ಬೆಟ್ಟ ಎಂಬ ಅರ್ಥವಿದೆ. ಹತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಇಲ್ಲಿ ಹಂತಹಂತವಾಗಿ ಕಟ್ಟಡಗಳು ಎದ್ದವು. ಇಂದು ಕಾಣುವ ಮುಖ್ಯ ಗುಡಿಯನ್ನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದವನು ನರೇಂದ್ರಾದಿತ್ಯ. ಆತ ಅಂಕೋರ್‌ವಾಟ್ ಕಟ್ಟಿಸಿದ ಖಮೇರ್ ದೊರೆ ಎರಡನೆಯ ಸೂರ್ಯವರ್ಮನ ಬಂಧು. ರಾಜಕಾರ್ಯವನ್ನು ಬಿಟ್ಟು ಇಲ್ಲಿ ಶೈವ ತಪಸ್ವಿಯಾಗಿ ನೆಲೆಸಿದವನು. ಅವನ ವಿಷಯ ತಿಳಿಯುವುದು ಅವನ ಮಗ ಹಿರಣ್ಯನು ಬರೆಸಿದ ಸಂಸ್ಕೃತ ಶಾಸನದಿಂದ.

ಈ ಸ್ಥಳವನ್ನು ಅದರ ನಿರ್ಮಾತೃಗಳು ನಡೆಸಲು ಬಯಸಿದ ಕ್ರಮದಲ್ಲಿಯೇ ನಡೆಯಬೇಕೆಂಬುದು ನನ್ನ ಒಂದೇ ಆಗ್ರಹ. ಪೂರ್ವದ ತಪ್ಪಲಿನಿಂದ ಆರಂಭಿಸಿ, 160 ಮೀಟರ್ ಉದ್ದದ ಮೆರವಣಿಗೆಯ ಹಾದಿಯಲ್ಲಿ ಬನ್ನಿ. ಎರಡೂ ಬದಿಗೆ ತಾವರೆಮೊಗ್ಗಿನ ತಲೆಯುಳ್ಳ ಮರಳುಗಲ್ಲಿನ ಗಿಡ್ಡ ಕಂಬಗಳು ಸಾಲಾಗಿ ನಿಂತಿವೆ, ಕಣ್ಣೆದುರು ನೇರವಾಗಿ ಶಿಖರ. ಹಾದಿಯ ಕೊನೆಗೆ ಮೊದಲನೆಯ ನಾಗಸೇತುವೆ ಸಿಗುತ್ತದೆ. ಮನುಷ್ಯಲೋಕದಿಂದ ದೇವಲೋಕಕ್ಕೆ ದಾಟುವ ಸೇತುವೆ ಎಂದು ಅದರ ಅರ್ಥ. ಐದು ಹೆಡೆಯ ನಾಗಗಳನ್ನು ನೋಡುವ ಭರದಲ್ಲಿ ಹೆಚ್ಚಿನವರು ನೆಲವನ್ನು ನೋಡುವುದಿಲ್ಲ. ಸೇತುವೆಯ ನಡುವೆ, ಸವೆದ ಹಾಸುಗಲ್ಲಿನ ಮೇಲೆ, ಎಂಟು ದಳದ ಒಂದು ಕಮಲವನ್ನು ತೆಳುವಾಗಿ ಕೊರೆದಿದ್ದಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಅದರ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.

ನಿಮ್ಮ ತಾಯಿಯವರು ನೋಡಬೇಕೆಂದಿರುವ ಅನಂತಶಯನ ಮುಖ್ಯ ಗುಡಿಯ ಮಂಟಪದ ಪೂರ್ವದ್ವಾರದ ಮೇಲಿನ ಅಡ್ಡಗಲ್ಲಿನಲ್ಲಿದೆ. ವಿಷ್ಣು ಮಲಗಿದ್ದಾನೆ, ನಾಭಿಯಿಂದ ಎದ್ದ ಕಮಲದ ಮೇಲೆ ಬ್ರಹ್ಮ, ಪಾದದ ಬಳಿ ಲಕ್ಷ್ಮಿ. ಇದರ ಪಕ್ಕದಲ್ಲಿ ಹೂಮಾಲೆಗಳನ್ನು ಹಿಡಿದ, ನಮ್ಮ ಕೀರ್ತಿಮುಖದಂತಹ ಕಾಲನ ಮುಖವನ್ನೂ, ಕೆಳ ಅಂಚಿನಲ್ಲಿರುವ ಗಿಳಿಗಳನ್ನೂ ಬಿಡದೆ ನೋಡಿ. ಈ ಕಲ್ಲು 1960ರ ದಶಕದಲ್ಲಿ ಬೆಟ್ಟದಿಂದ ಕಾಣೆಯಾಗಿ, ಕೊನೆಗೆ ಅಮೆರಿಕದ ಚಿಕಾಗೋ ನಗರದ ಕಲಾ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾಯಿತು. ಥಾಯ್ ಜನತೆ ವರ್ಷಗಳ ಕಾಲ ಪಟ್ಟು ಹಿಡಿದು ಕೇಳಿದ ಮೇಲೆ 1988ರ ನವೆಂಬರಿನಲ್ಲಿ ಹಿಂದಿರುಗಿತು. ಅದೇ ವರ್ಷದ ಮೇ ತಿಂಗಳಲ್ಲಿ, 1971ರಿಂದ ನಡೆದ ಜೀರ್ಣೋದ್ಧಾರ ಮುಗಿದು ದೇವಾಲಯವು ಸಾರ್ವಜನಿಕರಿಗೆ ತೆರೆದಿತ್ತು. ಎಂದರೆ ಕಲ್ಲುಕಲ್ಲನ್ನೂ ಗುರುತಿಸಿ ಮರುಜೋಡಿಸಿದ ಗುಡಿ ಸಿದ್ಧವಾಗಿ ನಿಂತು, ತನ್ನ ಬಾಗಿಲಿನ ಕಲ್ಲಿಗಾಗಿ ಆರು ತಿಂಗಳು ಕಾದಿತ್ತು. ಸ್ಥಳೀಯರು ಆ ಕಲ್ಲಿನ ಮುಂದೆ ಇಂದಿಗೂ ಒಂದು ಕ್ಷಣ ಹೆಚ್ಚು ನಿಲ್ಲುವುದನ್ನು ನಾನು ಗಮನಿಸಿದ್ದೇನೆ.

ಅದರ ಮೇಲ್ಗಡೆಯ ಮುಖಫಲಕದಲ್ಲಿ ಹತ್ತು ಕೈಗಳ ನಟರಾಜನಿದ್ದಾನೆ. ಒಳಗೆ ನಡೆದರೆ ಮಂಟಪದಲ್ಲಿ ನಂದಿ, ಗರ್ಭಗುಡಿಯಲ್ಲಿ ಅಭಿಷೇಕದ ನೀರು ಹರಿದುಹೋಗಲು ಮಾಡಿದ ಕಲ್ಲಿನ ಕಾಲುವೆ. ಗರ್ಭಗುಡಿಯ ಹತ್ತಿರದ ಬಾಗಿಲೊಂದರ ಅಡ್ಡಗಲ್ಲಿನಲ್ಲಿ ಐವರು ಋಷಿಗಳು ಸಾಲಾಗಿ ಕುಳಿತಿದ್ದಾರೆ. ನಡುವಿನವನೇ ನರೇಂದ್ರಾದಿತ್ಯನೆಂದು ಅಭಿಪ್ರಾಯಪಡುವ ವಿದ್ವಾಂಸರಿದ್ದಾರೆ. ರಾಮಾಯಣದ ಯುದ್ಧದ ದೃಶ್ಯಗಳೂ ಇವೆ. ಇವೆಲ್ಲಕ್ಕೂ ಮೂರು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೆ ಪ್ರವೇಶ ಆರಂಭವಾಗುತ್ತದೆ. ಏಳರೊಳಗೆ ಮೇಲಿದ್ದರೆ ಗುಲಾಬಿ ಛಾಯೆಯ ಮರಳುಗಲ್ಲು ಬಣ್ಣ ಬದಲಿಸುವುದನ್ನು ಕಾಣುವಿರಿ.

ಮಾರನೆಯ ದಿನ ಪ್ರಾಸಾತ್ ಮುವಾಂಗ್ ತಾಮ್. ಬೆಟ್ಟದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಬಯಲಿನಲ್ಲಿ, ಇದಿದೆ. ಹೆಸರೇ ಕೆಳಗಿನ ಊರು ಎಂದು ಹೇಳುತ್ತದೆ. ಪ್ರಾಮಾಣಿಕವಾಗಿ ಹೇಳುವುದಾದರೆ ನನಗೆ ಇದು ಬೆಟ್ಟದ ಗುಡಿಗಿಂತ ಒಂದು ಗುಂಜಿ ಹೆಚ್ಚು ಪ್ರಿಯ. ಒಳ ಅಂಗಳದ ನಾಲ್ಕು ಮೂಲೆಗಳಲ್ಲಿ ಮೊಳಕೈ ಮಡಿಚಿದಂತೆ ಬಾಗಿದ ನಾಲ್ಕು ಕೊಳಗಳು, ಅವುಗಳಲ್ಲಿ ತಾವರೆ, ಅಂಚಿನ ಉದ್ದಕ್ಕೂ ಮೈಚಾಚಿದ ಕಲ್ಲಿನ ನಾಗಗಳು. ನಡುವೆ ಇಟ್ಟಿಗೆಯ ಐದು ಗೋಪುರಗಳ ಗುಂಪು. ಅವುಗಳಲ್ಲಿ ಮುಖ್ಯವಾದುದು ಬಿದ್ದುಹೋಗಿ ಈಗ ಅಧಿಷ್ಠಾನವಷ್ಟೇ ಉಳಿದಿದೆ. ಎರಡೂ ಕಡೆಯ ನಾಗಗಳನ್ನು ಹೋಲಿಸಿ ನೋಡಿ: ಮುವಾಂಗ್ ತಾಮಿನ ನಾಗಗಳ ಹೆಡೆಗಳು ಯಾವ ಅಲಂಕಾರವೂ ಇಲ್ಲದೆ ನುಣ್ಣಗಿವೆ, ಬೆಟ್ಟದ ಮೇಲಿನ ನಾಗಗಳಿಗೆ ಕಿರೀಟದಂತಹ ಮುಡಿಯಿದೆ. ಹನ್ನೊಂದನೆಯ ಶತಮಾನದ ಶೈಲಿಗೂ ಹನ್ನೆರಡನೆಯ ಶತಮಾನದ ಶೈಲಿಗೂ ಇರುವ ಅಂತರವನ್ನು ಪುಸ್ತಕವಿಲ್ಲದೆ ಬರಿಗಣ್ಣಿನಿಂದ ತಿಳಿಯಲು ಇಷ್ಟು ಸಾಕು. ನಂದಿಯ ಮೇಲೆ ಕುಳಿತ ಉಮಾಮಹೇಶ್ವರರ ಅಡ್ಡಗಲ್ಲು ಇಲ್ಲಿಯ ಕೆತ್ತನೆಗಳಲ್ಲಿ ಅತ್ಯುತ್ತಮವಾದುದು. ದೇವಾಲಯದ ಉತ್ತರಕ್ಕೆ, ರಸ್ತೆಯಾಚೆ, ಅದೇ ಪ್ರಾಚೀನ ಕಾಲದ ದೊಡ್ಡ ಆಯತಾಕಾರದ ಕೆರೆಯಲ್ಲಿ ಈಗಲೂ ನೀರಿದೆ.

ಎರಡೂ ದೇವಾಲಯಗಳಿಗೆ ಸೇರಿ ಒಂದೇ ಟಿಕೆಟ್ ಇರುತ್ತದೆ, ಅದನ್ನೇ ಕೇಳಿ. ನಾನು ಹೋದಾಗ ವಿದೇಶಿಯರಿಗೆ 150 ಬಾತ್ ಇತ್ತು.

ಇವುಗಳ ನಡುವೆ ಯಾರೂ ನಿಲ್ಲದ ಮೂರು ಸಣ್ಣ ಕಟ್ಟಡಗಳಿವೆ. ಖಮೇರ್ ದೊರೆ ಏಳನೆಯ ಜಯವರ್ಮನು ತನ್ನ ರಾಜ್ಯದಾದ್ಯಂತ 102 ಆರೋಗ್ಯಶಾಲೆಗಳನ್ನು ನಡೆಸಿದ್ದನೆಂದು ಅಂಕೋರಿನ ತಾ ಪ್ರೋಮ್ ದೇವಾಲಯದ 1186ರ ಶಾಸನ ಹೇಳುತ್ತದೆ. ಅವುಗಳಲ್ಲಿ ಎರಡರ ಗುಡಿಗಳು ಈ ಬೆಟ್ಟದ ಸುತ್ತಲೇ ಇವೆ: ಒಂದು ನೋಂಗ್ ಬುವಾ ರಾಯ್‌ನಲ್ಲಿ, ಇನ್ನೊಂದು ಮುವಾಂಗ್ ತಾಮಿನ ಸಮೀಪದ ಖೋಕ್ ಮುವಾಂಗ್ ಹಳ್ಳಿಯಲ್ಲಿ. ರೋಗಿಗಳು ಉಳಿಯುತ್ತಿದ್ದ ಮರದ ಮನೆಗಳು ಮಣ್ಣಾಗಿ, ಜಂಬಿಟ್ಟಿಗೆಯ ಗುಡಿಗಳು ಮಾತ್ರ ಉಳಿದಿವೆ. ಬಾನ್ ಬು ಎಂಬಲ್ಲಿ, ಶಾಲೆಯೊಂದರ ಆವರಣದಲ್ಲಿ, ಖಮೇರ್ ರಾಜಧಾನಿ ಅಂಕೋರಿನಿಂದ ಇನ್ನೊಂದು ದೇವಾಲಯದ ಊರಾದ ಫಿಮಾಯಿಗೆ ಹೋಗುತ್ತಿದ್ದ ರಾಜಮಾರ್ಗದ ಧರ್ಮಶಾಲೆಯೊಂದಿದೆ. ಆ ದಾರಿಯಲ್ಲಿ ಇಂಥವು 17 ಇದ್ದವೆಂದು ಇನ್ನೊಂದು ಶಾಸನದಲ್ಲಿ ಉಲ್ಲೇಖವಿದೆ. ಆರೋಗ್ಯಶಾಲೆ, ಧರ್ಮಶಾಲೆ ಎಂಬ ಪದಗಳನ್ನು ಯಾವ ವಿವರಣೆಯೂ ಇಲ್ಲದೆ ಅರ್ಥಮಾಡಿಕೊಳ್ಳುವ ಭಾಗ್ಯ ನಮಗಿದೆ. ಆ ಸಣ್ಣ ಕಟ್ಟಡದ ಮುಂದೆ ನಿಂತಾಗ, ಬೆಟ್ಟದ ಗುಡಿಯೂ ಕೆಳಗಿನ ಗುಡಿಯೂ ಒಂದೇ ಹೆದ್ದಾರಿಯ ಮೇಲಿನ ನಿಲುಗಡೆಗಳಾಗಿದ್ದವೆಂಬುದು ನನಗೆ ಮೊದಲ ಸಲ ಮನದಟ್ಟಾಯಿತು. ಏಜೆಂಟರು ಹೇಳುವ ಒಂದು ದಿನದಲ್ಲಿ ತಪ್ಪಿಹೋಗುವುದು ಇದೇ.

ಉತ್ತರ – ಹಕ್ಕಿಜಾಡು

ಶಿಲಾಸಕ್ತ ಅವರು ಕಲ್ಲಿನ ವಿಷಯವನ್ನು ಇಷ್ಟು ಚೆನ್ನಾಗಿ ಬರೆದಿರುವುದರಿಂದ ನಾನು ಮಣ್ಣು, ನೀರು ಮತ್ತು ಹಕ್ಕಿಗಳ ಕಡೆಗೆ ಹೋಗುತ್ತೇನೆ.

ಬುರಿರಾಮಿನಲ್ಲಿ ಆರಿದ ಜ್ವಾಲಾಮುಖಿಗಳು ಆರು ಇವೆ. ಫನೋಮ್ ರುಂಗ್ ಅವುಗಳಲ್ಲಿ ಒಂದು. ಪ್ರಾಂತ್ಯದ ರಾಜಧಾನಿಗೆ ಅಂಟಿಕೊಂಡಂತಿರುವ ಖಾವೊ ಕ್ರಾದೊಂಗ್ ಇನ್ನೊಂದು. ಇದರ ಎತ್ತರ 265 ಮೀಟರ್. ನಾಗಗಳ ಕೈಪಿಡಿಯುಳ್ಳ 297 ಮೆಟ್ಟಿಲುಗಳು ನೆತ್ತಿಯ ದೊಡ್ಡ ಬುದ್ಧಮೂರ್ತಿಯವರೆಗೆ ಹೋಗುತ್ತವೆ, ಆದರೆ ವಾಹನಕ್ಕೂ ರಸ್ತೆಯಿರುವುದರಿಂದ ನಿಮ್ಮ ತಾಯಿಯವರು ಮೆಟ್ಟಿಲು ಹತ್ತಬೇಕಾಗಿಲ್ಲ. ಜ್ವಾಲಾಮುಖಿಯ ಬಾಯಿಯ ಬಳಿ ಕಾಲುದಾರಿ ಮತ್ತು ತೂಗುಸೇತುವೆ ಇವೆ. ಅಲ್ಲಿ ಹೊಗೆಯನ್ನೋ ಬೆಂಕಿಯನ್ನೋ ನಿರೀಕ್ಷಿಸುವವರಿಗೆ ನಿರಾಸೆಯಾಗುತ್ತದೆ. ಕುಳಿಯ ತುಂಬ ಮರಗಳು ಬೆಳೆದಿವೆ. ಆದರೆ ದಾರಿಯ ಪಕ್ಕದಿಂದ ಒಂದು ಕಲ್ಲನ್ನು ಎತ್ತಿ ನೋಡಿ. ಗಾತ್ರ ನೋಡಿ ಭಾರವಾಗಿರಬಹುದೆಂದು ಕೈ ಬಿಗಿಮಾಡಿಕೊಂಡಿರುತ್ತೀರಿ, ಅದು ಹಗುರವಾಗಿ ಮೇಲೆದ್ದುಬಿಡುತ್ತದೆ. ಮೈತುಂಬ ಸೂಜಿತೂತಿನಿಂದ ಬಟಾಣಿಯಷ್ಟು ದೊಡ್ಡ ರಂಧ್ರಗಳು. ಕರಗಿದ ಶಿಲೆ ಆರುವಾಗ ಒಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳ ಗುರುತುಗಳು ಅವು. ನೋಡಿ ಅಲ್ಲಿಯೇ ಇಟ್ಟುಬನ್ನಿ. ಈ ಬೆಂಕಿಬೆಟ್ಟಗಳ ಮಣ್ಣಿನಲ್ಲಿ ಬೆಳೆದ ಮಲ್ಲಿಗೆ ಅಕ್ಕಿಗೆ ಒಳ್ಳೆಯ ಹೆಸರಿದೆ. ಫನೋಮ್ ರುಂಗ್ ಸೀಮೆಯ ಚರೋನ್ ಸುಕ್ ಎಂಬ ಹಳ್ಳಿಯಲ್ಲಿ ಇದೇ ಮಣ್ಣಿನಿಂದ ಬಟ್ಟೆಗೆ ಕೆಂಗಂದು ಬಣ್ಣ ಕಟ್ಟುತ್ತಾರೆ. ತಾಯಿಯವರಿಗೆ ಒಂದು ಶಲ್ಯ ಕೊಳ್ಳುವುದಾದರೆ ನೇಯ್ದವರ ಕೈಯಿಂದಲೇ ಕೊಳ್ಳಬಹುದು.

ಮೂರನೆಯದು ಖಾವೊ ಅಂಗ್‌ಖಾನ್. ಅದರ ಮೇಲಿರುವ ಬೌದ್ಧ ವಿಹಾರದ ಕಟ್ಟಡಗಳು ಇತ್ತೀಚಿನವು. ಆದರೆ ಅಂಗಳದಲ್ಲಿ ಎಂಟು ದಿಕ್ಕುಗಳಿಗೆ ನಿಲ್ಲಿಸಿರುವ ಸೀಮಾಶಿಲೆಗಳು ಖಮೇರರಿಗಿಂತ ಮೊದಲು ಈ ಸೀಮೆಯಲ್ಲಿದ್ದ ದ್ವಾರಾವತಿ ಎಂಬ ಬೌದ್ಧ ಸಂಸ್ಕೃತಿಯ ಕಾಲದವು, ಎಂದರೆ ಫನೋಮ್ ರುಂಗ್ ಗುಡಿಗಿಂತಲೂ ಹಳೆಯವು. ಬೈ ಸೇಮಾ ಎಂದು ಕರೆಯುತ್ತಾರೆ. ಸೇಮಾ ಎಂದರೆ ನಮ್ಮ ಸೀಮೆಯೇ.

ನಾನು ಬುರಿರಾಮಿಗೆ ಹೋದದ್ದು ಮಾತ್ರ ಸಾರಸಗಳಿಗಾಗಿ. ಥಾಯ್ಲೆಂಡಿನ ಕಾಡುಬಯಲುಗಳಿಂದ ಸಾರಸ ಕೊಕ್ಕರೆ 1960ರ ದಶಕದಲ್ಲಿ ಪೂರ್ತಿಯಾಗಿ ಮರೆಯಾಗಿತ್ತು. ಗದ್ದೆಗಾಗಿ ಜೌಗುನೆಲವನ್ನು ಬತ್ತಿಸಿದ್ದೂ, ಬೇಟೆಯೂ ಕಾರಣ. ಮೃಗಾಲಯದಲ್ಲಿ ಸಾಕಿ ಬೆಳೆಸಿದ ಮರಿಗಳನ್ನು 2011ರಿಂದ ಈ ಪ್ರಾಂತ್ಯದ ಕೆರೆಗಳ ಬಳಿ ಬಿಡುತ್ತ ಬಂದರು, ಮುಂದೆ ಅವು ತಾವಾಗಿಯೇ ಗದ್ದೆಗಳಲ್ಲಿ ಗೂಡು ಕಟ್ಟಿದವು. ಮೊಟ್ಟೆಯಿಟ್ಟ ಜಾಗವನ್ನು ಬಿಟ್ಟು ಸುತ್ತ ನಾಟಿ ಮಾಡುವ, ಗೂಡಿನ ಸುತ್ತ ಔಷಧ ಸಿಂಪಡಿಸದ ರೈತರು ಅಲ್ಲಿದ್ದಾರೆ. ಆ ಗದ್ದೆಗಳ ಸಾವಯವ ಅಕ್ಕಿಯನ್ನು ಸಾರಸದ ಹೆಸರಿನಲ್ಲಿಯೇ ಮಾರುತ್ತಾರೆ. ಹುವಾಯ್ ಚೊರಖೇ ಮಾಕ್ ಜಲಾಶಯ ಬುರಿರಾಮ್ ಪಟ್ಟಣದ ದಕ್ಷಿಣಕ್ಕಿದೆ. ಆ ಹೆಸರಿಗೆ ಬಹಳ ಮೊಸಳೆಗಳಿರುವ ಹಳ್ಳ ಎಂಬ ಅರ್ಥವಿದ್ದರೂ ಹೆದರಬೇಕಾಗಿಲ್ಲ. ಸಮೀಪದಲ್ಲಿಯೇ ಜೌಗುನೆಲ ಮತ್ತು ಸಾರಸ ಸಂರಕ್ಷಣಾ ಕೇಂದ್ರವೂ ಇದೆ. ಮೊದಲು ಅಲ್ಲಿಗೆ ಹೋಗಿ, ಆ ವಾರ ಹಕ್ಕಿಗಳು ಯಾವ ಕಡೆ ಇವೆಯೆಂದು ಕೇಳಿಕೊಳ್ಳಿ. ಜನವರಿ ಒಣ ಕಾಲವಾದ್ದರಿಂದ ಅವು ನೀರಿರುವ ಕೆರೆಗಳ ಬಳಿ ಸೇರುತ್ತವೆ.

ನಾನು ಕಂಡದ್ದು ಒಂದು ಜೋಡಿ. ಕೊಯ್ಲಾದ ಗದ್ದೆಯಲ್ಲಿ, ಮಂಜು ಇನ್ನೂ ಮೊಣಕಾಲೆತ್ತರಕ್ಕೆ ಹರಡಿಕೊಂಡಿದ್ದಾಗ, ಬೂದುಬಣ್ಣದ ಎರಡು ಮೈಗಳು, ಕೆಂಪು ಕತ್ತುಗಳು. ಹೆಣ್ಣು ಕತ್ತನ್ನು ಹಿಂದಕ್ಕೆ ಎತ್ತಿ ಕೂಗಿತು. ಗಂಡು ಅದರ ಕೂಗು ಮುಗಿಯುವ ಮೊದಲೇ ದನಿಗೂಡಿಸಿತು. ದೂರದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದ ರೈತನೊಬ್ಬ, ಅವು ಕೂಗಿ ಮುಗಿಸುವವರೆಗೆ ಕಾದು, ಮತ್ತೆ ಚಾಲೂ ಮಾಡಿದ.

ಏಪ್ರಿಲ್ ಪ್ರಶ್ನೆಗೆ ನನ್ನ ಉತ್ತರ: ಬೇಡ. ಏಪ್ರಿಲ್ 3ರಿಂದ 5ರ ಆಸುಪಾಸು ಮತ್ತು ಸೆಪ್ಟೆಂಬರ್ 8ರಿಂದ 10ರ ಆಸುಪಾಸು ಉದಯಸೂರ್ಯನ ಬೆಳಕು ಒಂದೇ ಸಾಲಿನ 15 ಬಾಗಿಲುಗಳನ್ನು ಹಾದುಬರುತ್ತದೆ. ಮಾರ್ಚ್ ಮತ್ತು ಅಕ್ಟೋಬರಿನ ಮೊದಲ ವಾರಗಳಲ್ಲಿ ಅಸ್ತಮಾನದ ಬೆಳಕೂ ಹಾಗೆಯೇ. ಆದರೆ ಏಪ್ರಿಲಿನಲ್ಲಿ ಈಸಾನ್ ಕಾದ ಹೆಂಚಿನಂತಿರುತ್ತದೆ, ಬೆಟ್ಟದ ಉತ್ಸವಕ್ಕೆ ಸೇರುವ ಜನರ ನಡುವೆ ನಿಮ್ಮ ತಾಯಿಯವರಿಗೆ ನಿಲ್ಲಲು ಜಾಗ ಸಿಗುವುದೂ ಕಷ್ಟ. ಅಷ್ಟಾಗಿಯೂ ಮೋಡ ಅಡ್ಡ ಬಂದರೆ ಏನೂ ಕಾಣುವುದಿಲ್ಲ. ಆ ಬಾಗಿಲುಗಳ ಸಾಲನ್ನು ಯಾವ ದಿನವಾದರೂ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯವರೆಗೆ ನೋಡಬಹುದು.

ದೂರದಾರಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ತಾಯಿಗೆ ಓದಿ ಹೇಳಿದೆ. ಐವರು ಋಷಿಗಳ ಕಲ್ಲಿನ ವಿಷಯವನ್ನು ಎರಡು ಸಲ ಓದಿಸಿಕೊಂಡರು. ಜನವರಿಯೇ ಗಟ್ಟಿಯಾಯಿತು. ಇನ್ನೆರಡು ಸಂದೇಹಗಳಿವೆ. ಕಾರು ನಡೆಸುವ ಧೈರ್ಯ ನಮಗಿಲ್ಲದಿರುವುದರಿಂದ ಎಲ್ಲಿ ತಂಗಿ ಹೇಗೆ ಓಡಾಡಬೇಕು? ಕಾಂಬೋಡಿಯಾ ಗಡಿಯ ಸಮೀಪವೆಂಬ ಕಾರಣಕ್ಕೆ ಯೋಚಿಸಬೇಕಾದದ್ದೇನಾದರೂ ಇದೆಯೇ?

ಉತ್ತರ – ನಿಧಾನಯಾತ್ರಿ

ನಾನು ಮಂಡಿನೋವಿರುವ ನನ್ನ ಅಣ್ಣನೊಂದಿಗೆ ಹೋಗಿದ್ದೆ, ಆದ್ದರಿಂದ ಈ ಭಾಗವನ್ನು ನಾನು ಹೇಳುತ್ತೇನೆ.

ಬ್ಯಾಂಕಾಕಿನಿಂದ ಬುರಿರಾಮ್ ಪಟ್ಟಣ ಸುಮಾರು 400 ಕಿಲೋಮೀಟರ್. ಉಬೋನ್ ರಾಚಥಾನಿಗೆ ಹೋಗುವ ರೈಲುಗಳು ಇಲ್ಲಿ ನಿಲ್ಲುತ್ತವೆ. ವಿಮಾನವೂ ಇದೆ, ಆದರೆ ನಿಲ್ದಾಣವಿರುವುದು ಪಟ್ಟಣದಿಂದ ಸಾಕಷ್ಟು ದೂರದ ಸತುಕ್‌ನಲ್ಲಿ. ಮೊದಲ ರಾತ್ರಿಯನ್ನು ಬುರಿರಾಮ್ ಪಟ್ಟಣದಲ್ಲಿ ಕಳೆದು, ಖಾವೊ ಕ್ರಾದೊಂಗ್ ಮತ್ತು ಸಾರಸಗಳನ್ನು ಅಲ್ಲಿಂದಲೇ ಮುಗಿಸಿ. ಬಳಿಕ ಎರಡು ರಾತ್ರಿ ನಾಂಗ್ ರೋಂಗ್‌ನಲ್ಲಿ ಇರಿ. ಅದು ಸಣ್ಣ ಊರು, ಫನೋಮ್ ರುಂಗ್‌ಗೆ ಹತ್ತಿರದ್ದು, ಬ್ಯಾಂಕಾಕಿಗೆ ನೇರ ಬಸ್ಸೂ ಇರುವುದರಿಂದ ಅಲ್ಲಿಂದಲೇ ಮರಳಬಹುದು. ಬೆಟ್ಟದ ನೆತ್ತಿಯವರೆಗೆ ನಿಯತವಾದ ಬಸ್ಸಿಲ್ಲ. ತಂಗುವ ಮನೆಯವರ ಮೂಲಕ ದಿನದ ಲೆಕ್ಕಕ್ಕೆ ಒಂದು ವಾಹನವನ್ನು ಗೊತ್ತುಮಾಡಿಕೊಳ್ಳುವುದೇ ಸರಿಯಾದ ದಾರಿ. ಹೊರಡುವ ಮೊದಲೇ ಎಲ್ಲೆಲ್ಲಿ ನಿಲ್ಲಬೇಕು, ಎಷ್ಟು ಗಂಟೆ ಎಂಬುದನ್ನು ಥಾಯ್ ಲಿಪಿಯಲ್ಲಿ ಬರೆಸಿಕೊಳ್ಳಿ. ನಾವು ಹಾಗೆ ಮಾಡದೆ, ಚಾಲಕನು ಬೆಟ್ಟದ ಮೇಲೆ ಒಂದು ಗಂಟೆ ಕಳೆಯುತ್ತಲೇ ಹೊರಡುವಂತೆ ಅವಸರಪಡಿಸಿದ್ದರಿಂದ ಪಶ್ಚಿಮದ ಬದಿಯನ್ನು ನೋಡದೆಯೇ ಇಳಿಯಬೇಕಾಯಿತು.

ಶಿಲಾಸಕ್ತ ಅವರ ಆಗ್ರಹಕ್ಕೆ ಒಂದು ಸಣ್ಣ ತಿದ್ದುಪಡಿ ಸೂಚಿಸಲು ಅನುಮತಿಯಿರಲಿ. ಪೂರ್ವದಿಂದಲೇ ನಡೆಯಬೇಕೆಂಬುದು ನಿಜ, ಆದರೆ ನಾಗಸೇತುವೆಯ ಆಚೆಯ ಮೆಟ್ಟಿಲಸಾಲುಗಳು ಕಡಿದಾಗಿವೆ, ಕೈಹಿಡಿಯಲು ಆಸರೆ ಕಡಿಮೆ. ದೇವಾಲಯದ ಹಿಂಬದಿಯ ಪ್ರವೇಶದವರೆಗೆ ವಾಹನ ಹೋಗುತ್ತದೆ, ಅಲ್ಲಿಂದ ಏರಬೇಕಾದದ್ದು ಸ್ವಲ್ಪವೇ. ನಾವು ಮಾಡಿದ್ದು ಹೀಗೆ: ಮೊದಲು ಮುಂಭಾಗದಲ್ಲಿ ಇಳಿದು, ಅಣ್ಣ ಸಮತಟ್ಟಾದ ಮೆರವಣಿಗೆಯ ಹಾದಿಯನ್ನೂ ಮೊದಲ ಸೇತುವೆಯನ್ನೂ ನಡೆದು ನೋಡಿದ, ಮರಳಿ ವಾಹನದಲ್ಲಿ ಹಿಂಬದಿಗೆ ಹೋಗಿ ಗುಡಿಯ ಅಂಗಳವನ್ನು ತಲುಪಿದ. ಹೊಸ್ತಿಲುಗಳು ಎತ್ತರವಾಗಿರುವುದರಿಂದ ಊರುಗೋಲು ಇರಲಿ. ಮುವಾಂಗ್ ತಾಮ್ ಪೂರ್ತಿ ಸಮನೆಲ, ಅಲ್ಲಿ ನಿಮ್ಮ ತಾಯಿಯವರು ಎಷ್ಟು ಹೊತ್ತು ಬೇಕಾದರೂ ಕೊಳದ ದಂಡೆಯಲ್ಲಿ ಸುತ್ತಾಡಬಹುದು.

ಗಡಿಯ ಪ್ರಶ್ನೆ ಲಘುವಾದುದಲ್ಲ. 2025ರ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ನಡುವೆ ಗುಂಡಿನ ಕಾಳಗ ನಡೆದಾಗ ಈ ಪ್ರಾಂತ್ಯದ ದಕ್ಷಿಣದ ಬಾನ್ ಕ್ರುವಾತ್ ಸೀಮೆಯ ಹಳ್ಳಿಗರು ಮನೆ ಬಿಟ್ಟು ಹೋಗಬೇಕಾಯಿತು. ಬಾನ್ ಕ್ರುವಾತ್‌ನಲ್ಲಿ ಖಮೇರ್ ಕಾಲದ ಕುಂಬಾರರ ಗೂಡುಗಳೂ ಕಲ್ಲು ಕಡಿದ ಹಳೆಯ ಕ್ವಾರಿಯೂ ಇವೆ. ನೋಡಲು ಆಸೆಯಾಗುವುದು ಸಹಜ, ಆದರೆ ಹೊರಡುವ ವಾರದಲ್ಲಿ ಸರ್ಕಾರಿ ಪ್ರಯಾಣ ಸೂಚನೆಗಳನ್ನು ಓದಿ, ಎಲ್ಲವೂ ಶಾಂತವಾಗಿದೆಯೆಂದು ಸ್ಥಳೀಯರೂ ಹೇಳಿದರೆ ಮಾತ್ರ ಅತ್ತ ಹೋಗಿ. ಫನೋಮ್ ರುಂಗ್‌ನ ವಿಷಯದಲ್ಲಿಯೂ ಹೊರಡುವ ಮುನ್ನ ವಿಚಾರಿಸುವುದು ಒಳ್ಳೆಯದು.

ಊಟದ ವಿಷಯ ನೀವು ಕೇಳಿಲ್ಲ, ಆದರೂ ತಾಯಿಯವರು ಸಸ್ಯಾಹಾರಿಯಾಗಿದ್ದರೆ ‘ಜೇ’ ಎಂಬ ಪದವನ್ನು ನೆನಪಿಡಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನಿನ ಸಾರದ ಸಾಸ್ ತಟ್ಟೆಗೆ ಬಂದೇ ಬರುತ್ತದೆ. ಜೇ ಎಂದರೆ ಅದನ್ನೂ ಬಿಟ್ಟು, ಬೆಳ್ಳುಳ್ಳಿಯನ್ನೂ ಹಾಕದೆ ಮಾಡಿಕೊಡುತ್ತಾರೆ. ಬೆಟ್ಟದ ಕೆಳಗಿನ ಹಳ್ಳಿಗಳಲ್ಲಿ ಅದು ಸಿಗುವ ಅಂಗಡಿ ಅಪರೂಪವಾದ್ದರಿಂದ, ಬೆಳಗಿನ ಜಾವ ಹೊರಡುವ ದಿನ ನಾಂಗ್ ರೋಂಗ್ ಸಂತೆಯಲ್ಲಿ ಬಾಳೆಹಣ್ಣು ಮತ್ತು ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬನ್ನು ಕಟ್ಟಿಸಿಕೊಂಡು ಹೋಗಿ.